ಎಡ್ ರಾಬರ್ಟ್ಸ್: ಸ್ವಾವಲಂಬನೆಯ ಮರುವ್ಯಾಖ್ಯಾನ

ಸ್ವಾವಲಂಬನೆ ಎಂಬ ಪದವನ್ನು ಅನ್ಯರ ನೆರವಿಲ್ಲದೆ ಬದುಕುವುದು ಎಂಬ ಅರ್ಥದಲ್ಲಿಯೇ ನಾವು ಸಾಮಾನ್ಯವಾಗಿ ಬಳಸುತ್ತ ಬಂದಿದ್ದೇವೆ. ಈ ಅರ್ಥವನ್ನು ಒಪ್ಪಿದರೆ, ಉಡಲು, ಉಣ್ಣಲು, ಹಾಸಿಗೆಯಿಂದ ಏಳಲು ಮತ್ತೊಬ್ಬರ ಕೈ ಬೇಕಾದವರು ಎಂದಿಗೂ ಸ್ವಾವಲಂಬಿಗಳಾಗಲಾರರು. ಅಮೆರಿಕದ ಅಂಗವಿಕಲರ ಹಕ್ಕುಗಳ ಚಳವಳಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಎಡ್ ರಾಬರ್ಟ್ಸ್ (1939–1995) ಅವರ ಜೀವನವು ಈ ಗ್ರಹಿಕೆಯನ್ನೇ ಪ್ರಶ್ನೆಗೆ ಒಡ್ಡುತ್ತದೆ.

ಕ್ಯಾಲಿಫೋರ್ನಿಯದ ಸ್ಯಾನ್ ಮಟೇಯೊದಲ್ಲಿ ಹುಟ್ಟಿದ ರಾಬರ್ಟ್ಸ್, 1953ರಲ್ಲಿ ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊಗೆ ತುತ್ತಾದರು. ಕುತ್ತಿಗೆಯಿಂದ ಕೆಳಗಿನ ದೇಹ ಬಹುಮಟ್ಟಿಗೆ ಚಲನೆ ಕಳೆದುಕೊಂಡಿತು. ರಾತ್ರಿಯ ಉಸಿರಾಟಕ್ಕೆ ‘ಐರನ್ ಲಂಗ್’ ಎಂಬ ಭಾರಿ ಯಂತ್ರವೇ ಆಧಾರವಾಯಿತು. ಮನೆಯಿಂದ ದೂರವಾಣಿಯ ಮೂಲಕ ಪಾಠ ಕೇಳಿ ಪ್ರೌಢಶಾಲೆಯ ವ್ಯಾಸಂಗ ಪೂರೈಸಿದಾಗ, ವ್ಯಾಯಾಮ ಹಾಗೂ ವಾಹನ ಚಾಲನೆಯ ತರಗತಿಗಳನ್ನು ಮುಗಿಸಿಲ್ಲವೆಂಬ ಕಾರಣಕ್ಕೆ ಅವರಿಗೆ ಪದವಿಪತ್ರವನ್ನು ನಿರಾಕರಿಸಲಾಯಿತು. ತಾಯಿ ಜೋನಾ ಆಡಳಿತದೊಡನೆ ಹೋರಾಡಿ ಅದನ್ನು ದೊರಕಿಸಿಕೊಟ್ಟರು. ನಿಯಮವನ್ನು ಪ್ರಶ್ನಿಸಬಹುದು, ಬದಲಿಸಲೂಬಹುದು ಎಂಬ ಮೊದಲ ಪಾಠ ರಾಬರ್ಟ್ಸ್ ಅವರಿಗೆ ದೊರೆತದ್ದು ಇಲ್ಲಿಯೇ.

ಮುಂದೆ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವನ್ನು ಸೇರಬಯಸಿದಾಗ, ಇವರು ಉದ್ಯೋಗ ಮಾಡಲಾರದಷ್ಟು ತೀವ್ರ ಅಂಗವಿಕಲರು ಎಂದು ನಿರ್ಣಯಿಸಿದ ರಾಜ್ಯದ ಪುನರ್ವಸತಿ ಇಲಾಖೆ ಧನಸಹಾಯ ನೀಡಲೊಪ್ಪಲಿಲ್ಲ. ವಿಷಯ ಪತ್ರಿಕೆಗಳಲ್ಲಿ ಬೆಳಕಿಗೆ ಬಂದ ಮೇಲೆ ಇಲಾಖೆ ಮಣಿಯಿತು. 1962ರಲ್ಲಿ ಅವರಿಗೆ ಪ್ರವೇಶ ದೊರೆಯಿತು. ಐರನ್ ಲಂಗಿನ ಭಾರವನ್ನು ತಾಳುವ ವಸತಿನಿಲಯ ಇರಲಿಲ್ಲವಾದ್ದರಿಂದ ವಿಶ್ವವಿದ್ಯಾಲಯದ ಕೋವೆಲ್ ಆಸ್ಪತ್ರೆಯಲ್ಲಿಯೇ ಅವರ ವಾಸಕ್ಕೆ ಏರ್ಪಾಡಾಯಿತು.

ಆಸ್ಪತ್ರೆಯ ಈ ವಾರ್ಡು ಚಳವಳಿಯೊಂದರ ತೊಟ್ಟಿಲಾದುದು ಗಮನಾರ್ಹ ಸಂಗತಿ. ರಾಬರ್ಟ್ಸ್ ಅವರ ಹಿಂದೆಯೇ ಜಾನ್ ಹೆಸ್ಲರ್ ಮೊದಲಾದ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ತಾವು ಪ್ರತ್ಯೇಕವಾಗಿ ಅನುಭವಿಸುತ್ತಿದ್ದ ಅಡ್ಡಿಗಳು ಎಲ್ಲರಿಗೂ ಸಮಾನವಾದವು ಎಂಬ ಅರಿವು ಅವರನ್ನು ‘ರೋಲಿಂಗ್ ಕ್ವಾಡ್ಸ್’ ಎಂಬ ಗುಂಪಾಗಿಸಿತು. 1970ರಲ್ಲಿ ಅಂಗವಿಕಲ ವಿದ್ಯಾರ್ಥಿಗಳೇ ನಡೆಸುವ ಸೇವಾ ಯೋಜನೆಯೊಂದು ಆರಂಭವಾಯಿತು. ಸಹಾಯಕರನ್ನು ಹುಡುಕಿಕೊಡುವುದು, ಗಾಲಿಕುರ್ಚಿಗಳ ದುರಸ್ತಿ, ಮೆಟ್ಟಿಲುಗಳ ತೊಡಕಿಲ್ಲದ ಬಾಡಿಗೆ ಮನೆಗಳ ಶೋಧ ಇವೇ ಅದರ ಕೆಲಸಗಳು. ಇದೇ ಮಾದರಿಯನ್ನು ಊರಿಗೆ ವಿಸ್ತರಿಸಿ 1972ರಲ್ಲಿ ಈ ಬಳಗದವರು ಬರ್ಕ್ಲಿಯ ಸ್ವತಂತ್ರ ಜೀವನ ಕೇಂದ್ರವನ್ನು ಸ್ಥಾಪಿಸಿದರು. ಕೆಲಕಾಲದ ಬಳಿಕ ರಾಬರ್ಟ್ಸ್ ಅದರ ನಿರ್ದೇಶಕರಾದರು.

ಈ ಕೇಂದ್ರದ ಮೂಲಕ ಬಲಗೊಂಡ ವಿಚಾರ ಸರಳವಾದರೂ ಮೂಲಭೂತವಾದುದು. ಯಾವ ಕೆಲಸವನ್ನು ಸ್ವತಃ ಮಾಡಬಲ್ಲೆವು ಎಂಬುದರಿಂದ ಸ್ವಾತಂತ್ರ್ಯವನ್ನು ಅಳೆಯಲಾಗದು. ಎಲ್ಲಿರಬೇಕು, ಯಾರ ನೆರವನ್ನು ಯಾವಾಗ ಪಡೆಯಬೇಕು ಎಂಬ ನಿರ್ಧಾರ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. ಸಹಾಯಕನನ್ನು ನೇಮಿಸಿಕೊಳ್ಳುವ, ಬೇಡವೆನಿಸಿದರೆ ಬದಲಿಸುವ ಅಧಿಕಾರ ಅಂಗವಿಕಲರದಾದಾಗ ಪರಾವಲಂಬನೆಯ ಸ್ವರೂಪವೇ ಬದಲಾಗುತ್ತದೆ.

1975ರಲ್ಲಿ ಗವರ್ನರ್ ಜೆರಿ ಬ್ರೌನ್, ರಾಬರ್ಟ್ಸ್ ಅವರನ್ನು ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಹಿಂದೆ ಇವರನ್ನು ಅನರ್ಹರೆಂದು ತಳ್ಳಿಹಾಕಿದ್ದ ಇಲಾಖೆಯೇ ಅದು. ಅಧಿಕಾರದಲ್ಲಿದ್ದೂ ಅವರು ಚಳವಳಿಯಿಂದ ದೂರ ಸರಿಯಲಿಲ್ಲ. 1973ರ ಪುನರ್ವಸತಿ ಕಾಯ್ದೆಯ 504ನೆಯ ವಿಧಿಯು ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದ್ದರೂ ಅದರ ನಿಯಮಾವಳಿ ಹೊರಬಿದ್ದಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ಜೂಡಿ ಹ್ಯೂಮನ್, ಕಿಟಿ ಕೋನ್ ಮೊದಲಾದವರ ಮುಂದಾಳುತನದಲ್ಲಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯಲ್ಲಿ ಧರಣಿ ಕುಳಿತರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಅವರಿಗೆ ಊಟ ಒದಗಿಸಿದರು. ರಾಬರ್ಟ್ಸ್ ಧರಣಿಯನ್ನು ಬಹಿರಂಗವಾಗಿ ಬೆಂಬಲಿಸಿದರು. ಏಪ್ರಿಲ್ 28ರಂದು ನಿಯಮಾವಳಿಗೆ ಸಹಿ ಬಿತ್ತು. ಇದೇ ದಾರಿಯಲ್ಲಿ 1990ರ ಅಮೆರಿಕದ ಅಂಗವಿಕಲರ ಕಾಯ್ದೆ ರೂಪುಗೊಂಡಿತು.

1983ರಲ್ಲಿ ರಾಬರ್ಟ್ಸ್, ಹ್ಯೂಮನ್ ಮತ್ತು ಜೋನ್ ಲಿಯಾನ್ ಅವರೊಡನೆ ಅಂಗವೈಕಲ್ಯ ಕುರಿತ ವಿಶ್ವಸಂಸ್ಥೆಯೊಂದನ್ನು ಕಟ್ಟಿದರು. 1995ರ ಮಾರ್ಚ್ 14ರಂದು ನಿಧನರಾದರು. ಅವರ ಗಾಲಿಕುರ್ಚಿ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಈ ಚಳವಳಿಗೆ ಮಿತಿಗಳಿರಲಿಲ್ಲವೆಂದಲ್ಲ. ಅದರ ನಾಯಕತ್ವದಲ್ಲಿ ಕರಿಯರಿಗೆ, ಬಡವರಿಗೆ, ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ತಕ್ಕ ಸ್ಥಾನ ದೊರೆಯಲಿಲ್ಲವೆಂದು 2005ರ ನಂತರ ಅಂಗವೈಕಲ್ಯ ನ್ಯಾಯದ ಪ್ರತಿಪಾದಕರು ವಾದಿಸಿದರು. ಪರಸ್ಪರಾವಲಂಬನೆಯೇ ಮಾನವ ಬದುಕಿನ ಸಹಜ ಸ್ಥಿತಿ ಎಂಬ ಅವರ ನಿಲುವು ರಾಬರ್ಟ್ಸ್ ಅವರ ಚಿಂತನೆಯನ್ನು ತಿದ್ದುತ್ತಲೇ ಮುಂದುವರಿಸುತ್ತದೆ. ಒಬ್ಬ ವ್ಯಕ್ತಿಯ ಸಾಹಸಗಾಥೆಯಾಗಿ ಈ ಜೀವನವನ್ನು ಓದಿದರೆ ಕೋವೆಲ್ಲಿನ ವಾರ್ಡನ್ನೂ ಧರಣಿಯ ಸಾಮೂಹಿಕ ಊಟವನ್ನೂ ಮರೆತಂತಾಗುತ್ತದೆ. ಅವರ ಸ್ವಾತಂತ್ರ್ಯ ಸಾಧ್ಯವಾದದ್ದು ಹಲವರ ಕೈಗಳಿಂದ. ಆ ಕೈಗಳನ್ನು ಹಕ್ಕಿನಿಂದ ಕೇಳಬಹುದೆಂದು ತೋರಿಸಿಕೊಟ್ಟದ್ದೇ ಅವರ ಸಾಧನೆ.