ಸಾಯದ ಹತ್ತಿ ಗಿಡ ಹುಡುಕಿದ ತಾಂಗ್ವಿಸ್: ಹತ್ತು ವರ್ಷ ಸೋಲುವ ಅವಕಾಶ ಯಾರಿಗಿದೆ?

ಹತ್ತಿ ವ್ಯಾಪಾರದಲ್ಲಿ ಸಾಮಾನ್ಯವಾಗಿ ದೇಶದ ಹೆಸರೋ ಬಂದರಿನ ಹೆಸರೋ ಓಡುತ್ತೆ. ನಮ್ಮ ಧಾರವಾಡ ಸೀಮೆಯ ಜವಾರಿ ಹತ್ತಿ ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು ಅನ್ನೋ ಕಾರಣಕ್ಕೆ ಬ್ರಿಟಿಷರ ಕಾಲದಲ್ಲಿ ಅದು ಕುಮಟಾ ಹತ್ತಿ ಅಂತಲೇ ಹೆಸರಾಗಿತ್ತು. ಮನುಷ್ಯನ ಹೆಸರಲ್ಲಿ ಬಿಕರಿಯಾಗುವ ಹತ್ತಿ ಕಡಿಮೆ. ಅಂಥದ್ದರಲ್ಲಿ ಒಂದು ಪೆರು ದೇಶದ ತಾಂಗ್ವಿಸ್ ಹತ್ತಿ. ಆ ಹೆಸರಿನ ಹಿಂದೆ ಇರೋದು ಫೆರ್ಮಿನ್ ತಾಂಗ್ವಿಸ್, 1851ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಒಬ್ಬ ಜಮೀನ್ದಾರ. ಪೆರುವಿನಲ್ಲಿ ಅವರು ಮನೆಮಾತು. ನಮ್ಮಲ್ಲಿ ಹತ್ತಿ ತಳಿ ತಜ್ಞರನ್ನು ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಗೊತ್ತಿಲ್ಲ.

ಅವರ ಬದುಕನ್ನು ಈಗ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಬೀಜದ ವಿಷಯ ಬಂದಾಗಲೆಲ್ಲ ನಾವು ಎರಡು ಪಕ್ಷವಾಗಿ ಜಗಳ ಆಡ್ತೀವಿ. ಒಂದು ಕಡೆ ಪ್ರಯೋಗಾಲಯ, ಇನ್ನೊಂದು ಕಡೆ ರೈತನ ಜಾಣ್ಮೆ. ತಾಂಗ್ವಿಸ್ ಬದುಕು ಈ ಎರಡೂ ಪಕ್ಷಕ್ಕೆ ಸರಿಯಾಗಿ ಒಗ್ಗೋದಿಲ್ಲ.

ತಾಂಗ್ವಿಸ್ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ದ್ವೀಪ ಪೋರ್ಟೊ ರಿಕೊದ ಸಾನ್ ಹುವಾನ್ ಪಟ್ಟಣದಲ್ಲಿ. ಆಗ ಅದು ಸ್ಪೇನಿನ ವಸಾಹತು. ಹುಟ್ಟೂರು ಬಿಟ್ಟು ಹೊರಟವರು ಕೊನೆಗೆ ನೆಲೆ ನಿಂತದ್ದು ಪೆರುವಿನ ಪಿಸ್ಕೊ ಕಣಿವೆಯಲ್ಲಿ. ಅಲ್ಲಿ ಉರುತಿಯಾ ಅನ್ನೋ ಎಸ್ಟೇಟ್ ಅವರದಾಗಿತ್ತು. ಕೃಷಿ ವಿಜ್ಞಾನದ ಯಾವ ಪದವಿಯೂ ಇರಲಿಲ್ಲ. ಇರಲಿ ಅಂದ್ರೂ ದಾರಿ ಇರಲಿಲ್ಲ ಬಿಡಿ, ಪೆರುವಿನ ರಾಷ್ಟ್ರೀಯ ಕೃಷಿ ಶಾಲೆ ಲಿಮಾದಲ್ಲಿ ಶುರುವಾದದ್ದೇ 1902ರಲ್ಲಿ. ಅಷ್ಟೊತ್ತಿಗೆ ಅವರಿಗೆ ಐವತ್ತು ದಾಟಿತ್ತು.

ಪೆರುವಿನ ಕರಾವಳಿ ಅಂದ್ರೆ ನಮ್ಮ ಕರಾವಳಿ ನೆನೆಸಿಕೊಳ್ಳಬೇಡಿ. ಅದು ಅಪ್ಪಟ ಮರುಭೂಮಿ, ಮಳೆಯೇ ಇಲ್ಲ ಅನ್ನಬಹುದು. ಆಂಡೀಸ್ ಬೆಟ್ಟಗಳಿಂದ ಸಮುದ್ರಕ್ಕೆ ಇಳಿಯುವ ನದಿಗಳ ಅಕ್ಕಪಕ್ಕ ಮಾತ್ರ ಹಸಿರು. ಆ ಕಿರಿದಾದ ಕಣಿವೆಗಳಲ್ಲಿ ಸಾವಿರಾರು ವರ್ಷಗಳಿಂದ ಹತ್ತಿ ಬೆಳೆಯುತ್ತಿದೆ. ಇವತ್ತು ಉದ್ದ ಎಳೆಯ ಹತ್ತಿ ಅಂತ ಹೆಸರಾದ ಬಾರ್ಬಡೆನ್ಸ್ ಜಾತಿಯ ತವರು ದಕ್ಷಿಣ ಅಮೆರಿಕ. ಆದ್ರೆ 19ನೇ ಶತಮಾನ ಮುಗಿಯೋ ಹೊತ್ತಿಗೆ ಅಲ್ಲಿನ ಹೊಲಗಳಲ್ಲಿ ನಾಡ ತಳಿಗಳ ಜತೆ ಹೊರಗಿನಿಂದ ತಂದ ತಳಿಗಳೂ ಬೆರೆತಿದ್ದವು. ಕಣಿವೆಯಾಚೆ ಭೂಮಿ ಇಲ್ಲ, ಹಾಗಾಗಿ ಅದೇ ನೆಲದಲ್ಲಿ ಮತ್ತೆ ಮತ್ತೆ ಹತ್ತಿ.

1901ರ ಸುಮಾರಿಗೆ ಸೊರಗು ರೋಗ ಜೋರಾಯಿತು. ಚೆನ್ನಾಗಿದ್ದ ಗಿಡದ ಎಲೆ ಹಳದಿಯಾಗಿ, ಬಾಡಿ, ಕಾಯಿ ಕಟ್ಟೋ ಹೊತ್ತಿಗೆ ಗಿಡವೇ ಒಣಗಿ ನಿಲ್ಲುತ್ತಿತ್ತು. ಕಾಂಡ ಸೀಳಿ ನೋಡಿದ್ರೆ ಒಳಗೆ ಕಂದು ಗೆರೆ. ಹತ್ತಿಯಲ್ಲಿ ಸೊರಗು ತರುವ ಶಿಲೀಂಧ್ರಗಳು ಮುಖ್ಯವಾಗಿ ಎರಡು, ಫ್ಯುಸೇರಿಯಂ ಮತ್ತು ವರ್ಟಿಸಿಲಿಯಂ. ಎರಡೂ ಮಣ್ಣಲ್ಲಿ ಕೂತು ಬೇರಿನ ಮೂಲಕ ಒಳ ಹೊಕ್ಕು, ಗಿಡ ನೀರು ಸಾಗಿಸುವ ಕೊಳವೆಗಳನ್ನು ಸೇರಿಕೊಳ್ಳುತ್ತವೆ. ಗಿಡವೂ ಸುಮ್ಮನಿರೋಲ್ಲ. ಸೋಂಕು ಹಬ್ಬದಂತೆ ತನ್ನ ಕೊಳವೆಗಳನ್ನೇ ಮುಚ್ಚಿಕೊಳ್ಳುತ್ತೆ, ಗಾಸಿಪಾಲ್ ಕುಟುಂಬದ ವಿಷಗಳನ್ನು ಸುರಿಯುತ್ತೆ. ಈ ಕೆಲಸ ಬೇಗ ಆದ ಗಿಡ ಉಳಿಯುತ್ತೆ. ತಡವಾದ ಗಿಡದಲ್ಲಿ ಶಿಲೀಂಧ್ರ ಮುಂದೆ ಹೋಗಿರುತ್ತೆ, ನೀರೂ ನಿಂತಿರುತ್ತೆ. ಎಲೆಗೆ ಬಂದ ರೋಗವಾದರೆ ಔಷಧಿ ಹೊಡೆಯಬಹುದು. ಇದು ನೆಲದ ರೋಗ, ಅದರ ಬೀಜಾಣುಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಬೇರೆ ಬೆಳೆ ಹಾಕಿ ಒಂದೆರಡು ವರ್ಷ ಕಾದರೂ ಹೋಗೋದಲ್ಲ.

ಕಣಿವೆಯ ಎಸ್ಟೇಟುಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆಯಾಯಿತು. ತಾಂಗ್ವಿಸ್ ಆಗ ನೋಡಿದ್ದು ಸತ್ತ ಗಿಡಗಳನ್ನಲ್ಲ. ಅವುಗಳ ನಡುವೆ ಅಲ್ಲಲ್ಲಿ ರೋಗ ಅಷ್ಟಾಗಿ ತಾಗದೆ ನಿಂತ ಗಿಡಗಳನ್ನ. ಅವುಗಳ ಬೀಜ ತೆಗೆದು ಮತ್ತೆ ಬಿತ್ತಿದರು. ಉಳಿದವುಗಳ ಬೀಜ ತೆಗೆದು ಮತ್ತೆ ಬಿತ್ತಿದರು.

ಕೇಳೋಕೆ ಇಷ್ಟೇನಾ ಅನ್ನಿಸುತ್ತೆ. ಇಷ್ಟೇ ಆಗಿದ್ದರೆ ಹತ್ತು ವರ್ಷ ಯಾಕೆ ಹಿಡಿಯಿತು?

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ನನಗೆ ಈ ಹತ್ತು ವರ್ಷ ಒಂದು ಪರೀಕ್ಷೆಯ ಲೆಕ್ಕವಾಗಿ ಕಾಣುತ್ತೆ. ರೋಗದ ಹೊಲದಲ್ಲಿ ಒಂದು ಗಿಡ ಉಳೀತು ಅಂದ್ರೆ ಎರಡು ಕಾರಣ ಇರಬಹುದು. ಅದರ ವಂಶವಾಹಿಯಲ್ಲೇ ತಡೆಯುವ ಗುಣ ಇರಬಹುದು. ಇಲ್ಲವೇ ಅದರ ಬೇರು ಇಳಿದ ಜಾಗದಲ್ಲಿ ಶಿಲೀಂಧ್ರ ಇಲ್ಲದೇ ಇರಬಹುದು, ಬರೀ ಅದೃಷ್ಟ. ಎರಡೂ ಗಿಡ ನೋಡೋಕೆ ಒಂದೇ ಥರ. ವ್ಯತ್ಯಾಸ ಗೊತ್ತಾಗೋದು ಅವುಗಳ ಮಕ್ಕಳನ್ನು ಮತ್ತೆ ರೋಗದ ನೆಲದಲ್ಲೇ ಬಿತ್ತಿದಾಗ. ಒಳ್ಳೆ ನೆಲದಲ್ಲಿ ಬಿತ್ತಿದ್ರೆ ಎಲ್ಲವೂ ಪಾಸು, ಏನೂ ತಿಳಿಯೋಲ್ಲ. ಉಕ್ಕಿನ ಸರಳು ಎಷ್ಟು ತಡೆಯುತ್ತೆ ಅಂತ ತಿಳಿಯಬೇಕಾದರೆ ಅದು ತುಂಡಾಗುವವರೆಗೆ ಎಳೆಯಲೇಬೇಕಲ್ಲ, ಹಾಗೆ. ಇವತ್ತಿಗೂ ತಳಿ ಕೇಂದ್ರಗಳಲ್ಲಿ ಬೇಕಂತಲೇ ರೋಗ ಸಾಕಿಟ್ಟ ತಾಕು ಇರುತ್ತೆ. ಉರುತಿಯಾ ಎಸ್ಟೇಟಿನಲ್ಲಿ ಆ ತಾಕನ್ನು ಪ್ರಕೃತಿಯೇ ಮಾಡಿಕೊಟ್ಟಿತ್ತು.

ಇನ್ನೊಂದು ತೊಡಕು. ಹತ್ತಿಯಲ್ಲಿ ಜೇನ್ನೊಣಗಳ ಮೂಲಕ ಅಷ್ಟಿಷ್ಟು ಅಡ್ಡ ಪರಾಗಸ್ಪರ್ಶ ಆಗುತ್ತೆ. ಗಟ್ಟಿ ಗಿಡದ ಬೀಜದಲ್ಲೂ ಪಕ್ಕದ ಸೊರಗುವ ಗಿಡದ ಪಾಲು ಸೇರಿರಬಹುದು. ಜತೆಗೆ ರೋಗ ತಡೆದರಷ್ಟೇ ಸಾಲದು, ಎಳೆ ಉದ್ದ ಇರಬೇಕು, ಇಳುವರಿ ಬರಬೇಕು. ರೋಗ ತಡೆಯುವ ಗಿಡ ಅರಳೆ ಕೊಡದಿದ್ದರೆ ಅದು ಬೆಳೆಯಲ್ಲ, ಬೇಲಿ. ಎಷ್ಟೋ ಸಲ ಸೋತ ಮೇಲೆ, 1911ರ ಹೊತ್ತಿಗೆ ಅವರ ಕೈಯಲ್ಲಿ ಒಂದು ಬೀಜ ಇತ್ತು. ಸೊರಗನ್ನು ತಡೆದು ನಿಲ್ಲುತ್ತಿತ್ತು, ಬಿಳಿಯ ಅರಳೆ, ಎಳೆ ಸುಮಾರು 29ರಿಂದ 32 ಮಿಲಿಮೀಟರ್. ಮುಂದಿನ ವರ್ಷಗಳಲ್ಲಿ ಅದು ಕಣಿವೆಯಿಂದ ಕಣಿವೆಗೆ ಹಬ್ಬಿ ಪೆರುವಿನ ಮುಖ್ಯ ಹತ್ತಿಯೇ ಆಯಿತು.

ಈ ಕಾಲ ಗಮನಿಸಿ. ಮೆಂಡೆಲ್ ಬಟಾಣಿ ಲೆಕ್ಕ ಮತ್ತೆ ಬೆಳಕಿಗೆ ಬಂದದ್ದು 1900ರಲ್ಲಿ. ಗೋಧಿಯ ತುಕ್ಕು ರೋಗ ತಡೆಯುವ ಗುಣವೂ ಮೆಂಡೆಲ್ ನಿಯಮದಂತೆ ಮಕ್ಕಳಿಗೆ ಹಂಚಿಕೆಯಾಗುತ್ತೆ ಅಂತ ಕೇಂಬ್ರಿಡ್ಜಿನ ರೋಲೆಂಡ್ ಬಿಫೆನ್ ತೋರಿಸಿದ್ದು 1905ರಲ್ಲಿ. ಜೀನ್ ಅನ್ನೋ ಪದ ಹುಟ್ಟಿದ್ದು 1909ರಲ್ಲಿ. ಹತ್ತಿರ ಹತ್ತಿರ ಅದೇ ಕಾಲಕ್ಕೆ ಅಮೆರಿಕದ ದಕ್ಷಿಣ ಕೆರೊಲಿನಾ ಕರಾವಳಿಯಲ್ಲಿ ವಿಲಿಯಂ ಆರ್ಟನ್ ಅನ್ನೋ ಸರ್ಕಾರಿ ವಿಜ್ಞಾನಿ, ಅಲ್ಲಿನ ಬೆಳೆಗಾರರ ಹೊಲದಲ್ಲೇ ನಿಂತು, ಸೊರಗು ತಡೆಯುವ ಹತ್ತಿ ಆರಿಸುತ್ತಿದ್ದರು. ಒಂದೇ ರೋಗ ಲಕ್ಷಣಕ್ಕೆ ಇಬ್ಬರೂ ಹಿಡಿದ ದಾರಿ ಒಂದೇ.

ತಾಂಗ್ವಿಸ್ ಆರಿಸಿದ್ದು ಏನು ಅಂತ ಮುಂದಿನ ತಲೆಮಾರಿನ ತಳಿವಿಜ್ಞಾನ ನೋಡಿತು. ಬ್ರಿಟಿಷ್ ಹತ್ತಿ ವಿಜ್ಞಾನಿ ಸಿಡ್ನಿ ಹಾರ್ಲೆಂಡ್ 1940ರ ದಶಕದಲ್ಲಿ ಪೆರುವಿನಲ್ಲಿ ಕೆಲಸ ಮಾಡಿದರು. ಅವರಿಗೆ ಮುಖ್ಯವಾಗಿ ಕಂಡದ್ದು ತಾಂಗ್ವಿಸ್ ಹತ್ತಿ ಒಂದೇ ಅಚ್ಚಿನ ಗಿಡಗಳ ಸಮೂಹ ಅಲ್ಲ, ಒಳಗೆ ಸಾಕಷ್ಟು ವೈವಿಧ್ಯ ಇದೆ ಅನ್ನೋದು. ಅದಕ್ಕೇ ಅದರೊಳಗಿಂದ ಮತ್ತೆ ಮತ್ತೆ ಆರಿಸಿ ಸುಧಾರಿಸಲು ಆಯಿತು.

ರೋಗ ತಡೆಯುವ ಗುಣ ಅನ್ನೋದು ಆನ್ ಆಫ್ ಸ್ವಿಚ್ಚಿನಂತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕೆಲವು ಕಡೆ ಹಾಗೂ ಇರುತ್ತೆ. ಅಮೆರಿಕದ ಪೀಮಾ ಎಸ್-6 ಅನ್ನೋ ತಳಿಯಲ್ಲಿ ಫ್ಯುಸೇರಿಯಂನ 4ನೇ ಪ್ರಭೇದವನ್ನು ತಡೆಯೋ ಗುಣ ಬಹುಪಾಲು ಒಂದೇ ಪ್ರಬಲ ವಂಶವಾಹಿಯಿಂದ ಬರುತ್ತೆ. ಆದ್ರೆ ವರ್ಟಿಸಿಲಿಯಂ ವಿಷಯದಲ್ಲಿ ಸಾಮಾನ್ಯವಾಗಿ ಹಲವು ವಂಶವಾಹಿಗಳು, ಒಂದೊಂದರ ಪಾಲು ಸಣ್ಣದು, ಹವಾಮಾನದ ಕೈವಾಡ ಬೇರೆ. ಅದನ್ನು ಒಂದೇ ಏಟಿಗೆ ಹಿಡಿಯೋಕಾಗೋಲ್ಲ, ತಲೆಮಾರಿಂದ ತಲೆಮಾರಿಗೆ ಕೂಡಿಸಬೇಕು.

ಕೂಡಿಸಿದ್ದೂ ಶಾಶ್ವತ ಅಲ್ಲ. ಸೋವಿಯತ್ ಉಜ್ಬೇಕಿಸ್ತಾನದಲ್ಲಿ ಮೆಕ್ಸಿಕೋದ ಕಾಡು ಹತ್ತಿಯನ್ನು ಸಂಕರ ಮಾಡಿ, ವರ್ಟಿಸಿಲಿಯಂ ತಡೆಯುವ ತಾಷ್ಕೆಂಟ್ ತಳಿಗಳನ್ನು ತಂದರು. ಕೆಲವೇ ವರ್ಷಗಳಲ್ಲಿ ಆ ತಳಿಯನ್ನೂ ಹೊಡೆಯುವ ಹೊಸ ಪ್ರಭೇದ ಮಣ್ಣಲ್ಲಿ ಹೆಚ್ಚಿತು. ಗಿಡ ಬದಲಾದಂತೆ ಶಿಲೀಂಧ್ರವೂ ಬದಲಾಗುತ್ತೆ.

ನಮ್ಮ ನೆಲದ ಕಥೆ ಇನ್ನೂ ವಿಚಿತ್ರ. ಭಾರತದ ಫ್ಯುಸೇರಿಯಂ ಜವಾರಿ ಹತ್ತಿಯನ್ನು ಕೊಲ್ಲುತ್ತೆ, ಅಮೆರಿಕನ್ ಹತ್ತಿಯನ್ನು ಇಲ್ಲಿ ಮುಟ್ಟೋದಿಲ್ಲ. ಅದಕ್ಕೇ ಸ್ವಾತಂತ್ರ್ಯಕ್ಕೆ ಮೊದಲು ಧಾರವಾಡದ ತಳಿ ತಜ್ಞರು ಕುಮಟಾ ಹತ್ತಿಯ ಬಳಗದಲ್ಲೇ ಸೊರಗು ತಡೆಯುವ ಜಯವಂತ ತಳಿ ಬೆಳೆಸಿದರು. ಮುಂದೆ ಅದೇ ಧಾರವಾಡದಿಂದ 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಬಂತು. ಇವತ್ತು ದೇಶದ ಹತ್ತಿ ಭೂಮಿಯ ಬಹುಪಾಲು ಬಿಟಿ ಹೈಬ್ರಿಡ್. ಬಿಟಿ ತಡೆಯೋದು ಕಾಯಿಕೊರಕ ಹುಳವನ್ನ, ಶಿಲೀಂಧ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಹುಳದಲ್ಲೂ ಗುಲಾಬಿ ಕಾಯಿಕೊರಕ ಈಗ ಅದನ್ನು ಜೀರ್ಣಿಸಿಕೊಂಡಿದೆ. ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಿದ್ರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ ಹೋಗುತ್ತವೆ. ಹೀಗಾಗಿ ಹೊಲದಲ್ಲಿ ಗಟ್ಟಿ ಗಿಡ ಕಂಡರೂ ರೈತನಿಗೆ ಅದರಿಂದ ಏನೂ ಮಾಡೋಕೆ ಬರೋದಿಲ್ಲ. ಮತ್ತೆ ಅಂಗಡಿಗೆ ಹೋಗಿ ಪ್ಯಾಕೆಟ್ಟೇ ತರಬೇಕು.

ಹಾಗಾದ್ರೆ ಪ್ರತಿ ರೈತನೂ ತಾಂಗ್ವಿಸ್ ಆಗಲಿ ಅನ್ನೋದಾ? ಇಲ್ಲೇ ನನಗೆ ಜಾಣ್ಮೆಯ ಪಕ್ಷದವರ ಜತೆ ತಕರಾರು. ತಾಂಗ್ವಿಸ್ ಬಳಿ ಒಳ್ಳೆ ಕಣ್ಣು ಇತ್ತು, ತಾಳ್ಮೆ ಇತ್ತು, ಸರಿ. ಅದರ ಜತೆಗೆ ಒಂದು ಇಡೀ ಎಸ್ಟೇಟೂ ಇತ್ತು. ಒಂದು ತುಂಡು ಹೊಲ ವರ್ಷ ವರ್ಷ ಸಾಯಲಿ ಅಂತ ಬಿಟ್ಟರೂ ಮನೆ ನಡೆಯುತ್ತಿತ್ತು. ಪೆರು ಕರಾವಳಿಯ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದವರಲ್ಲಿ ಯಾನಾಕೊನಾ ಎಂಬ ಪಾಲುಗಾರರು ಬಹಳ ಜನ, ಫಸಲಿನ ಭಾಗ ಕೊಟ್ಟು ಧಣಿಯ ನೆಲ ಉಳುವವರು. ಅವರಲ್ಲೂ ಗಟ್ಟಿ ಗಿಡ ಗುರುತಿಸಬಲ್ಲವರು ಇದ್ದೇ ಇರುತ್ತಾರೆ. ಆದ್ರೆ ಒಂದು ವರ್ಷ ಸೋತರೂ ಸಾಲಕ್ಕೆ ಬೀಳುವವರು ಹತ್ತು ವರ್ಷ ಪ್ರಯೋಗ ಮಾಡೋಕಾಗುತ್ತಾ? ಎರಡು ಎಕರೆ ಎರಿ ಭೂಮಿ ಇಟ್ಟುಕೊಂಡ ನಮ್ಮ ಹಾವೇರಿಯ ರೈತನಿಗೂ ಅದೇ ಮಾತು.

ಕಂಪನಿಗಳು ಮಾಡಲಿ ಅನ್ನಬಹುದು. ಪ್ರತಿ ವರ್ಷ ಬೀಜ ಮಾರಬೇಕಾದ ಕಂಪನಿ, ರೈತ ತಾನೇ ಎತ್ತಿಟ್ಟುಕೊಳ್ಳಬಹುದಾದ ತಳಿಗೆ ಹತ್ತು ವರ್ಷ ಹೂಡೋದು ಯಾಕೆ? ಅದರ ಲೆಕ್ಕದಲ್ಲಿ ಅದು ಸರಿಯಾಗೇ ಇದೆ. ಹಾಗಾಗಿ ಉಳಿಯೋದು ಸಾರ್ವಜನಿಕ ಹಣ ಒಂದೇ. ಕೃಷಿ ವಿಶ್ವವಿದ್ಯಾಲಯದ ರೋಗದ ತಾಕು, ಅಲ್ಲಿ ಖಾಲಿ ಬೀಳದ ತಳಿ ತಜ್ಞರ ಹುದ್ದೆ, ಜವಾರಿ ಬೀಜಗಳನ್ನು ಪ್ರತಿ ಕೆಲವು ವರ್ಷಕ್ಕೊಮ್ಮೆ ಬಿತ್ತಿ ಜೀವಂತ ಇಡುವ ಕೆಲಸ. ಬಜೆಟ್ ಭಾಷಣದಲ್ಲಿ ಇವಕ್ಕೆ ಚಪ್ಪಾಳೆ ಬೀಳೋಲ್ಲ, ಒಂಬತ್ತು ವರ್ಷ ತೋರಿಸೋಕೆ ಒಣಗಿದ ಗಿಡ ಬಿಟ್ಟು ಬೇರೇನೂ ಇರೋಲ್ಲ.

ತಾಂಗ್ವಿಸ್ 79ನೇ ವಯಸ್ಸಲ್ಲಿ ತೀರಿಕೊಂಡಾಗ ಅವರ ಹತ್ತಿ ಪೆರುವಿನ ಕರಾವಳಿ ಉದ್ದಕ್ಕೂ ನಿಂತಿತ್ತು, ಯಾನಾಕೊನಾಗಳ ತುಂಡು ಹೊಲಗಳಲ್ಲೂ. ಹತ್ತು ವರ್ಷದ ಸೋಲಿನ ಖರ್ಚು ಒಬ್ಬ ಧಣಿ ಹೊತ್ತಿದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಆ ಖರ್ಚನ್ನು ಸರ್ಕಾರ ಹೊರದಿದ್ದರೆ, ಸೊರಗು ಬಂದ ವರ್ಷ ಅದನ್ನು ಕಟ್ಟೋದು ಎರಡು ಎಕರೆಯವನೇ.