ಬಂಗಾಳದ ಹುಲಿ ಆಶುತೋಷ ಮುಖರ್ಜಿ

1918ನೆಯ ಇಸವಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊತ್ತಮೊದಲ ಘಟಿಕೋತ್ಸವ ನಡೆಯಿತು. ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಆಗ ಇನ್ನೂ ಎರಡೇ ವರ್ಷಗಳಾಗಿದ್ದವು. ಹೊಸದಾಗಿ ಪದವಿ ಪಡೆದ ತರುಣರನ್ನು ಉದ್ದೇಶಿಸಿ ಮಾತನಾಡಲು ದೂರದ ಕಲ್ಕತ್ತೆಯಿಂದ ಒಬ್ಬ ಅತಿಥಿಗಳು ಬಂದಿದ್ದರು. ಭಾರವಾದ ಮೈಕಟ್ಟು, ಅಗಲವಾದ ಮುಖ, ತುಟಿಗಳನ್ನು ಮುಚ್ಚುವಷ್ಟು ದಟ್ಟವಾದ ಮೀಸೆ. ವೃತ್ತಿಯಿಂದ ಅವರು ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರು. ಆದರೆ ಮೈಸೂರು ಅವರನ್ನು ಕರೆಸಿಕೊಂಡದ್ದು ನ್ಯಾಯಾಧೀಶರೆಂದಲ್ಲ. ಒಂದು ವಿಶ್ವವಿದ್ಯಾನಿಲಯವನ್ನು ಹೇಗೆ ಕಟ್ಟಬೇಕೆಂಬುದನ್ನು ಆ ಕಾಲದ ಭಾರತದಲ್ಲಿ ಅವರಷ್ಟು ಬಲ್ಲವರು ವಿರಳವಾಗಿದ್ದರು. ಅವರೇ ಸರ್ ಆಶುತೋಷ ಮುಖರ್ಜಿ.

ಆಶುತೋಷರು 1864ನೆಯ ಇಸವಿ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಗಂಗಾಪ್ರಸಾದರು ಹೆಸರಾಂತ ವೈದ್ಯರು, ತಾಯಿ ಜಗತ್ತಾರಿಣೀದೇವಿ. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಬಾಲಕನಿಗೆ ಗಣಿತವೆಂದರೆ ಪ್ರಾಣ. ಭವಾನೀಪುರದ ಶಾಲೆಯಲ್ಲಿ ಓದಿ 1879ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಗಳಿಸಿ, ಮರುವರ್ಷ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಕಾಲೇಜಿನ ಮೊದಲ ದಿನಗಳಲ್ಲಿಯೇ ಯೂಕ್ಲಿಡನ ರೇಖಾಗಣಿತದ ಒಂದು ಪ್ರಮೇಯಕ್ಕೆ ಹೊಸ ಸಾಧನೆಯನ್ನು ಕಂಡುಹಿಡಿದು, ಅದನ್ನು ಇಂಗ್ಲೆಂಡಿನ ಗಣಿತ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಅದು ಅಚ್ಚಾಯಿತು. ನಿಮಗಿಂತ ಎರಡು ಮೂರು ವರ್ಷವಷ್ಟೇ ದೊಡ್ಡವನಾದ ಹುಡುಗನೊಬ್ಬನು ಇದನ್ನು ಸಾಧಿಸಿದ್ದನೆಂಬುದನ್ನು ಗಮನಿಸಿರಿ. 1885ರಲ್ಲಿ ಗಣಿತದಲ್ಲಿ, ಮರುವರ್ಷವೇ ಭೌತವಿಜ್ಞಾನದಲ್ಲಿ ಎಂ.ಎ. ಪದವಿಗಳನ್ನು ಅವರು ಪಡೆದರು. ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನವೆಂಬ, ಆ ವಿಶ್ವವಿದ್ಯಾನಿಲಯದ ಅತ್ಯುನ್ನತ ಗೌರವವೂ ಅವರಿಗೆ ದೊರಕಿತು.

ಇಷ್ಟಾದರೂ ಅವರು ಬಯಸಿದ ಬಾಳು ಅವರಿಗೆ ಒದಗಲಿಲ್ಲ. ಗಣಿತದಲ್ಲಿ ಸಂಶೋಧನೆ ಮಾಡುತ್ತ, ವಿದ್ಯಾರ್ಥಿಗಳಿಗೆ ಅದನ್ನು ಬೋಧಿಸುತ್ತ ಇದ್ದುಬಿಡಬೇಕೆಂಬುದು ಅವರ ಆಸೆ. ಅದಕ್ಕೆ ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಎಡೆಯೇ ಇರಲಿಲ್ಲ. ಇದನ್ನು ತುಸು ವಿವರಿಸಬೇಕಾಗಿದೆ. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪಾಠವೆಲ್ಲ ಅಂಗಸಂಸ್ಥೆಗಳಾದ ಕಾಲೇಜುಗಳಲ್ಲಿ ನಡೆಯುತ್ತಿತ್ತು. ವಿಶ್ವವಿದ್ಯಾನಿಲಯವು ಪಠ್ಯವನ್ನು ಗೊತ್ತುಮಾಡುವುದು, ಪ್ರಶ್ನೆಪತ್ರಿಕೆಗಳನ್ನು ತಯಾರಿಸುವುದು, ಉತ್ತೀರ್ಣರಾದವರ ಪಟ್ಟಿಯನ್ನು ಪ್ರಕಟಿಸುವುದು, ವರ್ಷಕ್ಕೊಮ್ಮೆ ಪದವಿಪತ್ರಗಳನ್ನು ಹಂಚುವುದು, ಇಷ್ಟನ್ನೇ ಮಾಡುತ್ತಿತ್ತು. ಅದಕ್ಕೆ ತನ್ನದೇ ಆದ ಪ್ರಾಧ್ಯಾಪಕರ ಬಳಗವಿರಲಿಲ್ಲ, ಪ್ರಯೋಗಶಾಲೆಯಿರಲಿಲ್ಲ. ಸರಕಾರಿ ಕಾಲೇಜಿನ ಉದ್ಯೋಗಗಳಲ್ಲಿಯೂ ಐರೋಪ್ಯರಿಗೊಂದು ದರ್ಜೆ, ಭಾರತೀಯರಿಗೊಂದು ದರ್ಜೆ. ಆ ಕೀಳುದರ್ಜೆಯನ್ನು ಒಪ್ಪುವ ಸ್ವಭಾವ ಆಶುತೋಷರದಾಗಿರಲಿಲ್ಲ. ವಿಶ್ವವಿದ್ಯಾನಿಲಯದ ಪ್ರಥಮ ಭಾರತೀಯ ಉಪಕುಲಪತಿಗಳಾಗಿದ್ದ ಗುರುದಾಸ ಬ್ಯಾನರ್ಜಿಯವರು ಈ ತರುಣನಿಗಾಗಿ ಒಂದು ಸಂಶೋಧನ ಪೀಠವನ್ನು ಸ್ಥಾಪಿಸಲು ದತ್ತಿಗಾಗಿ ಯತ್ನಿಸಿದರು. ಹಣ ಒದಗಲಿಲ್ಲ. ಆಶುತೋಷರು ಗಣಿತವನ್ನು ಬದಿಗಿಟ್ಟು ವಕೀಲರಾದರು.

ನ್ಯಾಯಶಾಸ್ತ್ರದಲ್ಲಿಯೂ ಅವರು ಬೇಗನೆ ಮೇಲೇರಿದರು. 1894ರಲ್ಲಿ ಡಾಕ್ಟರೇಟ್ ಪಡೆದರು. 1904ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಏಕೆಂದರೆ ಅವರ ಮನಸ್ಸು ವಿಶ್ವವಿದ್ಯಾನಿಲಯವನ್ನು ಎಂದೂ ಬಿಟ್ಟುಬಂದಿರಲಿಲ್ಲ. 1889ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ ಅವರು ಅದರ ಸೆನೆಟ್ ಸಭೆಯ ಸದಸ್ಯರಾಗಿದ್ದರು. ಅಲ್ಲಿಂದ ಮುಂದೆ ಅದರ ನಿಯಮಗಳನ್ನೂ ಲೆಕ್ಕಪತ್ರಗಳನ್ನೂ ಪರೀಕ್ಷಾ ಪದ್ಧತಿಯನ್ನೂ ಸಾಲುಸಾಲಾಗಿ ಅಭ್ಯಾಸಮಾಡಿದರು.

1904ರಲ್ಲಿ ವೈಸರಾಯ್ ಕರ್ಜನ್ ಪ್ರಭುವು ವಿಶ್ವವಿದ್ಯಾನಿಲಯಗಳ ಬಗೆಗೆ ಒಂದು ಹೊಸ ಕಾನೂನನ್ನು ತಂದನು. ಗೋಖಲೆಯವರಂಥ ನಾಯಕರು ಅದನ್ನು ವಿರೋಧಿಸಿದರು. ಸರಕಾರದ ಹಿಡಿತವನ್ನು ಬಿಗಿಗೊಳಿಸುವುದೇ ಅದರ ಗುರಿಯೆಂಬ ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ಆ ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು: ವಿಶ್ವವಿದ್ಯಾನಿಲಯವು ತಾನೇ ಪ್ರಾಧ್ಯಾಪಕರನ್ನು ನೇಮಿಸಿ ಬೋಧನೆ ನಡೆಸಬಹುದು, ಗ್ರಂಥಾಲಯ ಪ್ರಯೋಗಶಾಲೆಗಳನ್ನು ಹೊಂದಬಹುದು. 1906ರಲ್ಲಿ ಉಪಕುಲಪತಿಗಳಾದ ಆಶುತೋಷರು ಬಿಗಿಹಿಡಿತಕ್ಕೆಂದು ತಂದ ಆ ಕಾನೂನಿನಿಂದಲೇ ಬಾಗಿಲೊಂದನ್ನು ತೆರೆದರು. ಅವರು 1914ರವರೆಗೆ, ಮತ್ತೆ 1921ರಿಂದ 1923ರವರೆಗೆ ಆ ಸ್ಥಾನದಲ್ಲಿದ್ದರು. ಅದು ಸಂಬಳವಿಲ್ಲದ ಹುದ್ದೆ. ಹಗಲೆಲ್ಲ ನ್ಯಾಯಾಲಯದಲ್ಲಿ ಕುಳಿತು ದುಡಿದು, ಸಂಜೆ ವಿಶ್ವವಿದ್ಯಾನಿಲಯದ ಕೆಲಸಕ್ಕೆ ತೊಡಗುವುದು ಅವರ ದಿನಚರಿಯಾಯಿತು.

ಆ ವಿಶ್ವವಿದ್ಯಾನಿಲಯದ ವಿಸ್ತಾರವಾದರೂ ಎಷ್ಟು! 1917ರಲ್ಲಿ ನೇಮಕಗೊಂಡ ಸ್ಯಾಡ್ಲರ್ ಆಯೋಗವು ಅದನ್ನು ಪರಿಶೀಲಿಸಿದಾಗ ಬಂಗಾಳದಲ್ಲಿ ಸುಮಾರು 26,000 ವಿದ್ಯಾರ್ಥಿಗಳು ಪದವಿಗಾಗಿ ಓದುತ್ತಿದ್ದರು. ಪೂರ್ವ ಬಂಗಾಳದ ನೀರುತುಂಬಿದ ಹಳ್ಳಿಗಳಿಂದ ದೋಣಿಯಲ್ಲಿ, ರೈಲಿನಲ್ಲಿ ಬಂದ ಹುಡುಗರು ಕಲ್ಕತ್ತೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಬಾಡಿಗೆಯ ಕೋಣೆ ಹಿಡಿದು, ನಾಲ್ಕಾರು ಮಂದಿ ಒಟ್ಟಾಗಿ ಊಟದ ಖರ್ಚನ್ನು ಹಂಚಿಕೊಂಡು ಓದುತ್ತಿದ್ದರು. ಇಂಥ ಬಿಡಾರಗಳಿಗೆ ಮೆಸ್ಸುಗಳೆಂದು ಹೆಸರು. ಹೊಸ ಪುಸ್ತಕ ಕೊಳ್ಳಲಾಗದವರಿಗೆ ಕಾಲೇಜ್ ಬೀದಿಯ ಹಳೆಯ ಪುಸ್ತಕದ ಅಂಗಡಿಗಳೇ ಗತಿ. ಇವರಲ್ಲಿ ಮೇಘನಾದ ಸಾಹಾ ಎಂಬ ಹುಡುಗನೊಬ್ಬನಿದ್ದನು. ಢಾಕಾ ಜಿಲ್ಲೆಯ ಹಳ್ಳಿಯೊಂದರ ಸಣ್ಣ ಅಂಗಡಿಕಾರನ ಮಗ. ಕಲ್ಕತ್ತೆಯ ವಿದ್ಯಾರ್ಥಿನಿಲಯದಲ್ಲಿ ಕೆಲವು ಸಹಪಾಠಿಗಳು ಅವನ ಜಾತಿಯ ಕಾರಣದಿಂದ ಅವನೊಡನೆ ಕುಳಿತು ಉಣ್ಣಲು ಒಪ್ಪಲಿಲ್ಲ. ಅಂಕಗಳ ಪಟ್ಟಿಯಲ್ಲಿ ಮಾತ್ರ ಅವನ ಹೆಸರನ್ನು ಕೆಳಗಿಳಿಸುವುದು ಅವರಿಂದಾಗಲಿಲ್ಲ.

ಪ್ರವೇಶದ ಬಾಗಿಲು ಎಷ್ಟು ಅಗಲವಾಗಿರಬೇಕೆಂಬುದೇ ಆಶುತೋಷರ ಕಾಲದ ದೊಡ್ಡ ಜಗಳ. ಅವರ ಆಡಳಿತದಲ್ಲಿ ಹಳೆಯ ಪ್ರವೇಶ ಪರೀಕ್ಷೆಯ ಸ್ಥಾನದಲ್ಲಿ ಮೆಟ್ರಿಕ್ಯುಲೇಷನ್ ಬಂದಿತು. ಅಲ್ಲಿಯವರೆಗೆ ಮೂಲೆಗುಂಪಾಗಿದ್ದ ಮಾತೃಭಾಷೆಗೆ ಪರೀಕ್ಷೆಗಳಲ್ಲಿ ಸ್ಥಾನ ದೊರಕಿತು. ತೇರ್ಗಡೆಯಾಗುವವರ ಸಂಖ್ಯೆ ಏರಿತು. ಮಟ್ಟ ಕುಸಿಯಿತು, ಪದವಿ ಅಗ್ಗವಾಯಿತು ಎಂದು ಇಂಗ್ಲಿಷ್ ಅಧಿಕಾರಿಗಳು ದೂರಿದರು. ಭಾರತೀಯ ವಿದ್ವಾಂಸರಲ್ಲಿಯೂ ಕೆಲವರು ದನಿಗೂಡಿಸಿದರು. ಬಡದೇಶದಲ್ಲಿ ವಿದ್ಯೆಯ ಹೊಸಿಲನ್ನು ಎತ್ತರಿಸಿದರೆ ಒಳಗೆ ಬರುವವರು ಉಳ್ಳವರ ಮಕ್ಕಳು ಮಾತ್ರವೆಂಬುದು ಆಶುತೋಷರ ನಂಬಿಕೆ. ಕೆಳಗೆ ಬಾಗಿಲು ಅಗಲವಾಗಿರಲಿ, ಮೇಲೆ ಶಿಖರ ಎತ್ತರವಾಗಿರಲಿ ಎಂಬುದು ಅವರ ನಡೆಯಿಂದ ತಿಳಿದುಬರುತ್ತದೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಈ ಜಗಳದಲ್ಲಿ ಆಕ್ಷೇಪಿಸಿದವರದೆಲ್ಲ ತಪ್ಪೆಂದು ಹೇಳುವ ಧೈರ್ಯವಿಲ್ಲ. ಸಂಖ್ಯೆ ಬೆಳೆದಾಗ ಮಟ್ಟವನ್ನು ಕಾಯುವುದು ಕಷ್ಟವೇ. ಆದರೆ ಹೊಸಿಲಿನಲ್ಲಿಯೇ ತಡೆದುಬಿಟ್ಟಿದ್ದರೆ ಎಷ್ಟು ಜನ ಸಾಹಾಗಳು ಊರಿಗೆ ಮರಳಿ ಅಂಗಡಿಯಲ್ಲಿ ಕುಳಿತಿರುತ್ತಿದ್ದರೋ ಯಾರು ಬಲ್ಲರು?

ಶಿಖರವನ್ನು ಕಟ್ಟಲು ಹಣ ಬೇಕಾಗಿತ್ತು. ಸರಕಾರದಿಂದ ಬಂದುದು ಅಲ್ಪ. ಆಗ ನೆರವಾದವರು ಇಬ್ಬರು ವಕೀಲರು. ತಾರಕನಾಥ ಪಾಲಿತರು 1912ರಲ್ಲಿ ತಮ್ಮ ಮನೆ, ನಿವೇಶನ, ಗಳಿಸಿದ ಹಣ ಎಲ್ಲವನ್ನೂ ವಿಜ್ಞಾನದ ಬೋಧನೆಗಾಗಿ ಬಿಟ್ಟುಕೊಟ್ಟರು. ಆಶುತೋಷರಿಗೆ ವಕೀಲಿವೃತ್ತಿಯನ್ನು ಕಲಿಸಿದ್ದ ರಾಸಬಿಹಾರಿ ಘೋಷರು 1913ರಲ್ಲಿ ಹತ್ತು ಲಕ್ಷ ರೂಪಾಯಿಗಳನ್ನು ಕೊಟ್ಟರು. ಈ ದತ್ತಿಗಳಿಂದ ಸ್ಥಾಪನೆಯಾಗುವ ಪೀಠಗಳಲ್ಲಿ ಭಾರತೀಯರೇ ಕುಳಿತುಕೊಳ್ಳಬೇಕೆಂಬುದು ದಾನಿಗಳ ಷರತ್ತು. 1914ನೆಯ ಇಸವಿ ಮಾರ್ಚ್ ತಿಂಗಳಲ್ಲಿ ವಿಜ್ಞಾನ ಕಾಲೇಜಿನ ಶಂಕುಸ್ಥಾಪನೆಯಾಯಿತು. ತರುಣ ಆಶುತೋಷರಿಗೆ ಒಂದು ಪೀಠಕ್ಕೂ ಹಣವಿಲ್ಲವೆಂದಿದ್ದ ವಿಶ್ವವಿದ್ಯಾನಿಲಯದಲ್ಲಿ ಈಗ ಪೀಠಗಳ ಸಾಲೇ ಸಿದ್ಧವಾಯಿತು.

ಆ ಪೀಠಗಳಿಗೆ ತಕ್ಕವರನ್ನು ಹುಡುಕುವುದರಲ್ಲಿ ಆಶುತೋಷರ ಕಣ್ಣು ಅಸಾಧಾರಣವಾದುದು. ರಸಾಯನವಿಜ್ಞಾನಕ್ಕೆ ಪ್ರಫುಲ್ಲಚಂದ್ರ ರಾಯ್ ಅವರನ್ನು ತಂದರು. ಭೌತವಿಜ್ಞಾನದ ಪೀಠಕ್ಕೆ ಅವರು ಆರಿಸಿದ್ದು ಹಣಕಾಸು ಇಲಾಖೆಯ ಅಧಿಕಾರಿಯೊಬ್ಬರನ್ನು! ಆ ತರುಣರು ಹಗಲು ಕಚೇರಿಯಲ್ಲಿ ದುಡಿದು, ಬಿಡುವಿನ ವೇಳೆಯಲ್ಲಿ ಕಲ್ಕತ್ತೆಯ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸುತ್ತಿದ್ದರು. ಅವರೇ ಚಂದ್ರಶೇಖರ ವೆಂಕಟರಾಮನ್. ಪೀಠವನ್ನೇರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಬಂಧನೆಯಿತ್ತು. ರಾಮನ್ನರು ಹೋಗಲು ಒಪ್ಪಲಿಲ್ಲ. ಆಶುತೋಷರು ನಿಬಂಧನೆಯನ್ನು ಸಡಿಲಿಸಿದರು. ಸರಕಾರಿ ಸಂಬಳಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ ಒಪ್ಪಿ ರಾಮನ್ನರು 1917ರಲ್ಲಿ ಪ್ರಾಧ್ಯಾಪಕರಾದರು.

ಇನ್ನೂ ಚಿಕ್ಕವರನ್ನೂ ಅವರು ಕೈಬಿಡಲಿಲ್ಲ. ಮೇಘನಾದ ಸಾಹಾ ಮತ್ತು ಅವನ ಸಹಪಾಠಿ ಸತ್ಯೇಂದ್ರನಾಥ ಬೋಸ್ ಇಬ್ಬರೂ 1915ರಲ್ಲಿ ಎಂ.ಎಸ್‌ಸಿ. ಮುಗಿಸಿದ್ದರು, ಇಪ್ಪತ್ತೆರಡರ ಆಸುಪಾಸಿನ ಹುಡುಗರು. ಅವರನ್ನು ವಿಜ್ಞಾನ ಕಾಲೇಜಿನಲ್ಲಿ ಅಧ್ಯಾಪಕರನ್ನಾಗಿ ನೇಮಿಸಲಾಯಿತು. ಯುರೋಪಿನಲ್ಲಿ ಆಗತಾನೆ ಹುಟ್ಟುತ್ತಿದ್ದ ಹೊಸ ಭೌತವಿಜ್ಞಾನವನ್ನು ಪಾಠ ಹೇಳಬೇಕಾದರೆ ಅದನ್ನು ಮೊದಲು ತಾವೇ ಕಲಿಯಬೇಕಾಗಿತ್ತು. ಮಹಾಯುದ್ಧದ ದಿನಗಳು, ಪುಸ್ತಕ ಸಿಗುವುದು ದುರ್ಲಭ. ಅವರು ಜರ್ಮನ್ ಭಾಷೆಯನ್ನು ಕಲಿತರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. 1920ರಲ್ಲಿ ವಿಶ್ವವಿದ್ಯಾನಿಲಯವೇ ಆ ಗ್ರಂಥವನ್ನು ಪ್ರಕಟಿಸಿತು.

ವಿಜ್ಞಾನವೊಂದೇ ಅವರಿಗೆ ಪ್ರಿಯವಾಗಿತ್ತೆಂದು ಭಾವಿಸಬಾರದು. 1919ರಲ್ಲಿ ಭಾರತೀಯ ಭಾಷೆಗಳಲ್ಲಿ ಎಂ.ಎ. ತರಗತಿಗಳನ್ನು ತೆರೆದರು. ದೇಶಭಾಷೆಯೆಂದರೆ ಮನೆಮಾತು, ಅದರಲ್ಲಿ ಉನ್ನತ ಪದವಿಯೆಂಥದು ಎಂದು ನಗುತ್ತಿದ್ದ ಕಾಲವದು. ಬಂಗಾಳಿಯ ಜೊತೆಗೆ ದಕ್ಷಿಣದ ಭಾಷೆಗಳಿಗೂ ಆ ವ್ಯವಸ್ಥೆಯಲ್ಲಿ ಎಡೆಯಿತ್ತು. ಕನ್ನಡದಲ್ಲಿ ಎಂ.ಎ. ಓದಿದ ನನ್ನಂಥವರು ಆ ನಗೆಯನ್ನು ಎದುರಿಸಿ ನಿಂತವರನ್ನು ಮರೆಯಲಾಗದು. ಕಲ್ಕತ್ತೆಗೂ ಮೈಸೂರಿಗೂ ನಡುವೆ ವಿದ್ವಾಂಸರ ಕೊಡುಕೊಳೆಯೂ ನಡೆಯಿತು. 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಡಾ. ರಾಧಾಕೃಷ್ಣನ್ ಅವರು ಕಲ್ಕತ್ತೆಯ ತತ್ತ್ವಶಾಸ್ತ್ರ ಪೀಠಕ್ಕೆ ಹೋದರು. ಆ ಪೀಠದಲ್ಲಿದ್ದ ಬ್ರಜೇಂದ್ರನಾಥ ಶೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು.

ಅವರಿಗೆ ವಿರೋಧಿಗಳು ಎರಡು ದಿಕ್ಕಿನಲ್ಲಿಯೂ ಇದ್ದರು. ಬಂಗಾಳದ ವಿಭಜನೆಯ ಕಾಲದಲ್ಲಿ, ಮುಂದೆ ಅಸಹಕಾರ ಚಳುವಳಿಯ ಕಾಲದಲ್ಲಿ ವಿದ್ಯಾರ್ಥಿಗಳು ಕಾಲೇಜುಗಳನ್ನು ಬಿಟ್ಟು ಹೊರಬರಬೇಕೆಂಬ ಕರೆ ಬಂದಿತು. ದೇಶಭಕ್ತರು ಆ ವಿಶ್ವವಿದ್ಯಾನಿಲಯವನ್ನು ಗುಲಾಮರನ್ನು ತಯಾರಿಸುವ ಮನೆಯೆಂದು ಜರೆದರು. ಆಶುತೋಷರು ಕದಲಲಿಲ್ಲ; ತರಗತಿಗಳನ್ನು ಮುಚ್ಚಿ ಸ್ವಾತಂತ್ರ್ಯವನ್ನು ಪಡೆಯಬಹುದೆಂದು ಅವರು ನಂಬಲಿಲ್ಲ. ಈ ವಿಷಯದಲ್ಲಿ ಅವರು ಸರಿಯೋ, ಕಾಲೇಜು ತೊರೆದು ಸೆರೆಮನೆ ಸೇರಿದ ತರುಣರು ಸರಿಯೋ ಎಂದು ತೀರ್ಪು ಕೊಡುವುದು ಸುಲಭವಲ್ಲ. ಆದರೆ ಅವರನ್ನು ಸರಕಾರದ ಆಳೆಂದು ಕರೆದವರು ಬೇಗನೆ ಬೇರೊಂದು ದೃಶ್ಯವನ್ನು ಕಂಡರು.

1922ರ ಸುಮಾರಿಗೆ ವಿಶ್ವವಿದ್ಯಾನಿಲಯದ ಬೊಕ್ಕಸ ಬರಿದಾಯಿತು. ಸ್ನಾತಕೋತ್ತರ ವಿಭಾಗಗಳ ಅಧ್ಯಾಪಕರಿಗೆ ತಿಂಗಳುಗಟ್ಟಲೆ ಸಂಬಳ ಸಿಗಲಿಲ್ಲ. ಸರಕಾರವು ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿತು. ಆದರೆ ಆ ಹಣದೊಡನೆ ವಿಶ್ವವಿದ್ಯಾನಿಲಯದ ಆಡಳಿತವನ್ನು ತನ್ನ ಅಂಕೆಗೆ ತರುವ ಷರತ್ತುಗಳೂ ಬಂದವು. ಯೋಚಿಸಿ ನೋಡಿರಿ. ಒಂದು ಕಡೆ ಹಸಿದ ಅಧ್ಯಾಪಕರ ಸಂಸಾರಗಳು, ಇನ್ನೊಂದು ಕಡೆ ಹದಿನಾರು ವರ್ಷ ಕಷ್ಟಪಟ್ಟು ಗಳಿಸಿದ ಸ್ವಾತಂತ್ರ್ಯ. ಆಶುತೋಷರು ಸೆನೆಟ್ ಸಭೆಯಲ್ಲಿ ಎದ್ದುನಿಂತು, ಆ ಹಣ ಬೇಡವೆಂದು ವಾದಿಸಿದರು. ಸಭೆ ಅವರೊಡನೆ ನಿಂತಿತು. ಮರುವರ್ಷ ಅವರ ಅವಧಿ ಮುಗಿಯುತ್ತಿದ್ದಾಗ, ಕುಲಾಧಿಪತಿಯಾಗಿದ್ದ ಗವರ್ನರ್ ಲಿಟನ್ ಪ್ರಭುವು ಸರಕಾರದೊಡನೆ ಹೊಂದಿಕೊಂಡು ನಡೆಯುವುದಾದರೆ ಮತ್ತೆ ನೇಮಿಸುವುದಾಗಿ ಪತ್ರ ಬರೆದನು. ಆಶುತೋಷರು ಸ್ಥಾನವನ್ನು ಕಡುಕಠಿಣವಾದ ಮಾತುಗಳಲ್ಲಿ ನಿರಾಕರಿಸಿದರು. ಬಂಗಾಳದ ಹುಲಿ ಎಂದು ಜನರು ಅವರನ್ನು ಕರೆದದ್ದು ಇಂಥ ಸ್ವಭಾವದಿಂದಲೇ. ಅವರ ಎದೆಗಾರಿಕೆಯ ಬಗೆಗೆ ಬಂಗಾಳದಲ್ಲಿ ಇನ್ನೂ ಎಷ್ಟೋ ಸ್ವಾರಸ್ಯದ ಕಥೆಗಳು ಪ್ರಚಲಿತವಾಗಿವೆ. ಅವುಗಳಲ್ಲಿ ನಡೆದುದೆಷ್ಟು, ಅಭಿಮಾನಿಗಳು ಸೇರಿಸಿದುದೆಷ್ಟು ಎಂದು ಬೇರ್ಪಡಿಸುವುದು ಕಷ್ಟ, ನಡೆದುದೇ ಸಾಕಷ್ಟಿದೆ.

ಅದೇ 1923ರಲ್ಲಿ ಅವರು ನ್ಯಾಯಾಧೀಶ ಸ್ಥಾನದಿಂದ ನಿವೃತ್ತರಾದರು. ಅದೇ ವರ್ಷ ಹಿರಿಯ ಮಗಳು ಕಮಲಾ ತೀರಿಕೊಂಡಳು. ಅವಳ ಹೆಸರಿನಲ್ಲಿ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಮಾಲೆಯೊಂದಕ್ಕೆ ದತ್ತಿಯನ್ನಿಟ್ಟರು. ದುಃಖದಲ್ಲಿಯೂ ಅವರಿಗೆ ನೆನಪಾದದ್ದು ಆ ಮನೆಯೇ. ಮತ್ತೆ ವಕೀಲರಾಗಿ ಮೊಕದ್ದಮೆಯೊಂದಕ್ಕಾಗಿ ಪಾಟ್ನಾಕ್ಕೆ ಹೋಗಿದ್ದಾಗ, 1924ನೆಯ ಇಸವಿ ಮೇ 25ರಂದು ಹಠಾತ್ತಾಗಿ ತೀರಿಕೊಂಡರು. ಆಗ ಅವರಿಗೆ ಇನ್ನೂ ಅರುವತ್ತು ತುಂಬಿರಲಿಲ್ಲ. ಅವರು ಜೀವಮಾನವಿಡೀ ಕೂಡಿಟ್ಟ 80,000ಕ್ಕೂ ಹೆಚ್ಚು ಗ್ರಂಥಗಳನ್ನು ಅವರ ಮನೆಯವರು ಮುಂದೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಿದರು.

ಅವರು ತೀರಿಕೊಂಡ ಮರುತಿಂಗಳು, ಆ ವೇಳೆಗೆ ಢಾಕಾ ವಿಶ್ವವಿದ್ಯಾನಿಲಯದಲ್ಲಿದ್ದ ಸತ್ಯೇಂದ್ರನಾಥ ಬೋಸರು ತಮ್ಮ ಚಿಕ್ಕ ಲೇಖನವೊಂದನ್ನು ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. 1930ರಲ್ಲಿ, ಹಣಕಾಸು ಇಲಾಖೆಯನ್ನು ಬಿಟ್ಟುಬಂದ ಪ್ರಾಧ್ಯಾಪಕ ರಾಮನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು.