ಗಡಿ ದಾಟಿದರೂ ಉಳಿಯದ ನರಗುಂದದ ದೊರೆ

ನಮ್ಮ ಹಾಸ್ಟೆಲ್‌ನಲ್ಲಿ ಫೈನಲ್ ಇಯರ್‌ನವರ ಬಾಯಲ್ಲಿ ಎರಡೇ ಮಾತು. ಒಂದು ಪ್ಲೇಸ್‌ಮೆಂಟ್, ಇನ್ನೊಂದು ವೀಸಾ. ಯಾರಿಗೆ ಸಿಕ್ತು, ಯಾರಿಗೆ ಇಲ್ಲ ಅಂದ್ರು ಅನ್ನೋದೇ ರಾತ್ರಿ ಊಟದ ಹೊತ್ತಿನ ಚರ್ಚೆ. ಎಲ್ಲೋ ದೂರದ ದೇಶ ತನ್ನ ಭದ್ರತೆಗೆ ಅಂತ ಒಂದು ಕಾನೂನು ಬದಲಿಸುತ್ತೆ, ಇಲ್ಲಿ ನಮ್ಮ ಸೀನಿಯರ್ ಒಬ್ಬರ ಎರಡು ವರ್ಷದ ಲೆಕ್ಕ ತಲೆಕೆಳಗಾಗುತ್ತೆ. ಇದು ಈಗಿನ ಕಾಲದ ಕಥೆ ಅಂದುಕೊಂಡಿದ್ದೆವು. ಆದರೆ ನಮ್ಮದೇ ಗದಗ ಜಿಲ್ಲೆಯ ಒಬ್ಬ ದೊರೆಯ ಬದುಕನ್ನು ಓದಿದ ಮೇಲೆ ಹಾಗನ್ನಿಸಲಿಲ್ಲ. ಅವರು ನರಗುಂದದ ಬಾಬಾಸಾಹೇಬರು, ಪೂರ್ತಿ ಹೆಸರು ಭಾಸ್ಕರರಾವ್ ಭಾವೆ. ಏಳನೇ ಕ್ಲಾಸಿನ ಪಾಠದಲ್ಲಿ ಎರಡು ಸಾಲು ಓದಿ ಮರೆತ ಹೆಸರು.

ಮೊದಲು ಜಾಗ ನೋಡೋಣ. ನಕ್ಷೆಯಲ್ಲಿ ನರಗುಂದ, ರೋಣ, ಗಜೇಂದ್ರಗಡ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಇವೆ. ನೆಟ್ಟಗೆ ಗೆರೆ ಎಳೆದರೆ ಈ ತುದಿಯಿಂದ ಆ ತುದಿಗೆ ಸುಮಾರು 60 ಕಿಲೋಮೀಟರ್. ಎಲ್ಲಾ ಎರೆಭೂಮಿ, ಜೋಳ, ಕಡಲೆ, ಹತ್ತಿ. ಈಗ ಒಂದೇ ದಿನದಲ್ಲಿ ಮೂರೂ ಊರು ಸುತ್ತಿ ಬರಬಹುದು. 1850ರ ಹೊತ್ತಿಗೆ ಈ ಸೀಮೆಯಲ್ಲಿ ಎಷ್ಟು ಒಡೆತನ ಇತ್ತು ನೋಡಿ. ನರಗುಂದ ಭಾವೆ ಮನೆತನದ ಸಂಸ್ಥಾನ. ಗಜೇಂದ್ರಗಡ ಘೋರ್ಪಡೆಯವರ ಜಹಗೀರು. ಸುತ್ತಲೂ ಕಂಪನಿ ಸರ್ಕಾರದ ಧಾರವಾಡ ಜಿಲ್ಲೆ. ಪೂರ್ವಕ್ಕೆ ಕೊಪ್ಪಳ ನಿಜಾಮರದು. ಉತ್ತರಕ್ಕೆ ರಾಮದುರ್ಗ ಬೇರೆ ಸಂಸ್ಥಾನ, ಅದರ ದೊರೆ ಬಾಬಾಸಾಹೇಬರ ಮಲತಮ್ಮ. ಅದರಾಚೆ ತೊರಗಲ್ಲು ಕೊಲ್ಹಾಪುರದ ಕೈಕೆಳಗಿನದು.

ದೊಡ್ಡವರ ಜಗಳದಲ್ಲಿ ನರಗುಂದ ನಲುಗಿದ್ದು ಅದೇ ಮೊದಲಲ್ಲ. 1778ರಲ್ಲಿ ಹೈದರಾಲಿ ಈ ಸೀಮೆಯನ್ನು ಹಿಡಿತಕ್ಕೆ ತಂದ. ಮಗ ಟಿಪ್ಪು ಕಪ್ಪ ಹೆಚ್ಚಿಸಿದಾಗ ಅಂದಿನ ದೊರೆ ವೆಂಕಟರಾವ್ ಭಾವೆ ಒಪ್ಪಲಿಲ್ಲ. 1785ರಲ್ಲಿ ಕೋಟೆಗೆ ಮುತ್ತಿಗೆ ಬಿತ್ತು, ದೊರೆ ಸೆರೆಯಾಗಿ ಕಬ್ಬಾಳದುರ್ಗಕ್ಕೆ ಹೋದರು. ಮರಾಠರು ಮತ್ತು ನಿಜಾಮ ಒಂದಾಗಿ ಟಿಪ್ಪುವಿನ ಮೇಲೆ ಯುದ್ಧ ಮಾಡಿ, ಕೊನೆಗೆ 1787ರಲ್ಲಿ ಸಂಧಿ ಆದದ್ದು ಇದೇ ಗಜೇಂದ್ರಗಡದಲ್ಲಿ. ಅದರಲ್ಲಿ ನರಗುಂದ, ಕಿತ್ತೂರು, ಬಾದಾಮಿ ಮರಾಠರ ಪಾಲಿಗೆ ಬಂದವು. ಅದೇ ವರ್ಷ ಟಿಪ್ಪುವಿನ ರಾಯಭಾರಿಗಳು ಇಂಗ್ಲಿಷರ ವಿರುದ್ಧ ನೆರವು ಕೇಳಲು ಫ್ರಾನ್ಸಿಗೆ ಹಡಗು ಹತ್ತಿದರು. ಅಂದರೆ ನಮ್ಮ ಊರುಗಳು ಜಾಗತಿಕ ರಾಜಕೀಯಕ್ಕೆ ಸೇರಿ ಬಹಳ ಕಾಲ ಆಯ್ತು. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಯಜಮಾನರು ಮತ್ತೆ ಬದಲಾದರು, ಕಂಪನಿ ಬಂತು.

ಬಾಬಾಸಾಹೇಬರು ಆ ಕಾಲದ ಸಂಸ್ಥಾನಿಕರಲ್ಲಿ ಓದು ಬಲ್ಲವರು ಅಂತ ಹೆಸರಾಗಿದ್ದವರು. ಅವರ ಸಂಸ್ಕೃತ ಗ್ರಂಥಗಳ ಭಂಡಾರ ದೊಡ್ಡದು, ಸಾವಿರಗಳಲ್ಲಿ ಎಣಿಸುವಷ್ಟು. ಕತ್ತಿ ಹಿಡಿದೇ ಹುಟ್ಟಿದ ವೀರ ಅಂತ ನಾವು ಕಲ್ಪಿಸಿಕೊಳ್ಳುವ ಚಿತ್ರಕ್ಕೂ ಇವರಿಗೂ ಅಷ್ಟಾಗಿ ಹೊಂದೋದಿಲ್ಲ. ಅವರ ಕೊರಗು ಮನೆಯೊಳಗಿನದು. ಗಂಡು ಸಂತಾನ ಇರಲಿಲ್ಲ. ದತ್ತು ತಗೊಳ್ಳಲು ಅನುಮತಿ ಕೊಡಿ ಅಂತ ಕಂಪನಿಯನ್ನು ಕೇಳಿದರು. ಸಿಗಲಿಲ್ಲ.

ಮಗು ದತ್ತು ತಗೊಳ್ಳಲು ಸರ್ಕಾರದ ಅನುಮತಿ ಯಾಕೆ ಅಂತ ಕೇಳಬಹುದು. ಸ್ವಂತ ಮಗನಿಲ್ಲದೆ ದೊರೆ ಸತ್ತರೆ ಸಂಸ್ಥಾನ ಕಂಪನಿಗೆ ಸೇರಬೇಕು ಅನ್ನೋದು ಆಗಿನ ನೀತಿ. 1848ರಲ್ಲಿ ಸಾತಾರಾ ಹೋಯ್ತು, 1854ರಲ್ಲಿ ಝಾನ್ಸಿ, ನಾಗಪುರ ಹೋದವು. ನರಗುಂದದ ಸರದಿ ಬರೋದು ದೊರೆಯ ಉಸಿರು ನಿಲ್ಲುವವರೆಗೆ ಮಾತ್ರ ತಡ. ಇದರ ಜೊತೆಗೆ ಇನಾಂ ಕಮಿಷನ್ ಅಂತ ಒಂದಿತ್ತು. ಹಳೇ ಕಾಲದಿಂದ ಕಂದಾಯವಿಲ್ಲದೆ ಉಣ್ಣುತ್ತಿದ್ದ ಜಮೀನಿಗೆ ಕಾಗದಪತ್ರ ತೋರಿಸಿ ಅನ್ನೋದು ಅದರ ಕೆಲಸ. ತೋರಿಸಲಾಗದ ಎಷ್ಟೋ ಮನೆಗಳು ಜಮೀನು ಕಳಕೊಂಡವು.

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ಚೀನಾದ ಯುದ್ಧಕ್ಕೆ ಹೊರಟಿದ್ದ ಬ್ರಿಟಿಷ್ ಪಡೆಗಳನ್ನೇ ಅರ್ಧ ದಾರಿಯಲ್ಲಿ ಭಾರತಕ್ಕೆ ತಿರುಗಿಸಿದರು. ಸರ್ಕಾರಕ್ಕೆ ಎಲ್ಲೆಲ್ಲೂ ಭಯ. ಭಯದಿಂದ ಹುಟ್ಟಿದ್ದು ಅದೇ ವರ್ಷದ ನಿಶ್ಶಸ್ತ್ರೀಕರಣದ ಕಾನೂನು. ಅನುಮತಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರಿನಲ್ಲಿ ಒಪ್ಪದೆ ತಿರುಗಿಬಿದ್ದರು. ಸೇನೆ ಹೋಗಿ ಊರು ಸುಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಿದರು. ಈ ಸುದ್ದಿ ನರಗುಂದಕ್ಕೆ ತಲುಪದೇ ಇರಲು ಸಾಧ್ಯವಿಲ್ಲ. ಮುಂದಿನ ವರ್ಷ ಬಾಬಾಸಾಹೇಬರಿಗೂ ಆದೇಶ ಬಂತು, ಕೋಟೆಯ ತೋಪುಗಳನ್ನೂ ಮದ್ದನ್ನೂ ಧಾರವಾಡಕ್ಕೆ ಒಪ್ಪಿಸಬೇಕು.

ದತ್ತು ಇಲ್ಲ, ತೋಪು ಇಲ್ಲ. ಅವರ ಎದುರಿಗಿದ್ದ ಲೆಕ್ಕ ನಮಗೆ ಅರ್ಥವಾಗುತ್ತೆ. ಸುಮ್ಮನಿದ್ದರೆ ತಮ್ಮ ತಲೆಗೇ ಮನೆತನ ಮುಗೀತು. ಎದ್ದರೆ ಗೆಲ್ಲೋದು ಕಷ್ಟ. ಮುಂಡರಗಿಯ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ 1858ರ ಮೇ ತಿಂಗಳಲ್ಲಿ ಬಂಡೆದ್ದು ಕೊಪ್ಪಳದ ಕೋಟೆ ಸೇರಿದರು. ಬಾಬಾಸಾಹೇಬರೂ ಎದ್ದರು.

ಆಗ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಆಗಿದ್ದವನು ಚಾರ್ಲ್ಸ್ ಮ್ಯಾನ್ಸನ್. ಹಿಂದೆ ಇನಾಂ ಕಮಿಷನ್ನಿನ ಕೆಲಸ ಮಾಡಿದವನು, ಹಾಗಾಗಿ ಸೀಮೆಯಲ್ಲಿ ಅವನ ಮೇಲೆ ಮೊದಲೇ ಸಿಟ್ಟು. ದೊರೆಯನ್ನು ಮಾತಿನಲ್ಲಿ ತಣ್ಣಗೆ ಮಾಡಬಹುದು ಅಂತ ಸಣ್ಣ ಕಾವಲಿನೊಂದಿಗೆ ರಾಮದುರ್ಗಕ್ಕೆ ಬಂದ. ಮುಂದೆ ನರಗುಂದಕ್ಕೆ ಹೋಗಬೇಡಿ ಅಂತ ರಾಮದುರ್ಗದ ದೊರೆಯೇ ಎಚ್ಚರಿಸಿದರು. ಕೇಳದೆ ಹೊರಟು ಸುರೇಬಾನದಲ್ಲಿ ತಂಗಿದ. ಮೇ 29ರ ರಾತ್ರಿ ಪಲ್ಲಕ್ಕಿಯಲ್ಲಿ ಮಲಗಿದ್ದಾಗ ಬಾಬಾಸಾಹೇಬರ ಪಡೆ ಬಂದು ಮುತ್ತಿತು. ಮ್ಯಾನ್ಸನ್ ಸತ್ತ. ಅವನ ತಲೆಯನ್ನು ಕತ್ತರಿಸಿ ತಂದು ನರಗುಂದದ ಬಾಗಿಲಿಗೆ ತೂಗುಹಾಕಿದರು.

ಇದನ್ನು ಬರೆಯುವಾಗ ನಮ್ಮ ಸಂಪಾದಕ ಬಳಗದಲ್ಲೇ ಜಗಳ ಆಯ್ತು. ವೀರ ಅಂತ ಕರೆದು ಮುಂದೆ ಹೋಗಿಬಿಡೋಣ ಅಂತ ಕೆಲವರು, ಮಲಗಿದ್ದವನ ಮೇಲೆ ಬಿದ್ದದ್ದನ್ನು ಹೇಗೆ ವೀರ ಅನ್ನೋದು ಅಂತ ಕೆಲವರು. ಕೊನೆಗೆ ಎರಡನ್ನೂ ಮುಚ್ಚಿಡಬಾರದು ಅಂತ ಒಪ್ಪಿದೆವು. ಗ್ರಂಥಭಂಡಾರ ಕೂಡಿಸಿದ ಮನುಷ್ಯ ಬಾಗಿಲಿಗೆ ತಲೆ ಕಟ್ಟಿಸುವ ಮಟ್ಟಕ್ಕೆ ಬಂದ. ಅರ್ಜಿ ಕೊಟ್ಟು ಕೇಳುವ ದಾರಿಗಳನ್ನೆಲ್ಲ ಮುಚ್ಚಿದ್ದರಲ್ಲಿ ಕಂಪನಿಯ ಪಾಲು ದೊಡ್ಡದು. ಆದರೆ ಆ ರಾತ್ರಿಯ ನಿರ್ಧಾರ ಅವರದೇ.

ಆಮೇಲೆ ಎಲ್ಲಾ ಬೇಗ ಮುಗೀತು. ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ಪಡೆ ನರಗುಂದದ ಎದುರು ಬಂತು. ಬಯಲಿನ ಕಾಳಗದಲ್ಲಿ ಸಂಸ್ಥಾನದ ಪಡೆ ಸೋತಿತು, ಊರು ಲೂಟಿಯಾಯಿತು. ಮರುದಿನ ಸೈನಿಕರು ಗುಡ್ಡ ಹತ್ತಿದಾಗ ಕೋಟೆ ಖಾಲಿ. ಅತ್ತ ಕೊಪ್ಪಳದ ಕೋಟೆಯೂ ಅದೇ ಜೂನ್ 1ರಂದು ಬಿತ್ತು, ಭೀಮರಾಯರು ಸತ್ತರು. ಕೊಪ್ಪಳ ನಿಜಾಮರ ನೆಲ, ಆದರೂ ಕಂಪನಿಯ ಸೈನ್ಯ ಅಲ್ಲಿಗೆ ನುಗ್ಗಲು ಗಡಿ ಅಡ್ಡ ಬರಲಿಲ್ಲ.

ಬಾಬಾಸಾಹೇಬರು ಕೆಲವೇ ಜನರೊಂದಿಗೆ ಉತ್ತರಕ್ಕೆ ಹೊರಟರು. ಪಂಢರಪುರಕ್ಕೆ ಹೋಗುವ ಯಾತ್ರಿಕರ ವೇಷ. ಉಪಾಯ ಚೆನ್ನಾಗಿಯೇ ಇತ್ತು. ವಿಠೋಬನ ದಾರಿ ಹಿಡಿದವರನ್ನು ಯಾವ ಸಂಸ್ಥಾನವೂ ತಡೆಯುತ್ತಿರಲಿಲ್ಲ, ಎಷ್ಟು ಗಡಿ ದಾಟಿದರೂ ಅವರು ಯಾತ್ರಿಕರೇ. ಆದರೆ ಕಂಪನಿಯ ಪೊಲೀಸ್ ಅಧಿಕಾರಿ ಫ್ರಾಂಕ್ ಸೌಟರ್ ಬೆನ್ನು ಹತ್ತಿದ್ದ. ಕೊಲ್ಹಾಪುರದ ಸೀಮೆಯಾದ ತೊರಗಲ್ಲಿನ ಕಾಡಿನಲ್ಲಿ ಹಿಡಿದುಬಿಟ್ಟ. ನೆಟ್ಟಗೆ ಅಳೆದರೆ ನರಗುಂದದಿಂದ ಸುಮಾರು 30 ಕಿಲೋಮೀಟರ್ ಅಷ್ಟೇ. ದೊರೆಯ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಬೆಳಗಾವಿಯಲ್ಲಿ ವಿಚಾರಣೆ ನಡೆಯಿತು, 1858ರ ಜೂನ್ 12ರಂದು ಬಾಬಾಸಾಹೇಬರನ್ನು ಅಲ್ಲೇ ಗಲ್ಲಿಗೇರಿಸಿದರು. ಸುರೇಬಾನದ ರಾತ್ರಿಯಿಂದ ಗಲ್ಲಿನವರೆಗೆ ಬರೀ ಎರಡು ವಾರ. ಸಂಸ್ಥಾನ ಕಂಪನಿಗೆ ಸೇರಿತು, ಗ್ರಂಥಭಂಡಾರವೂ ಉಳಿಯಲಿಲ್ಲ.

ನಮಗೆ ಹೆಚ್ಚು ನೋವಾದದ್ದು ಇದರ ಮುಂದಿನ ಭಾಗ ಓದಿದಾಗ. ಅದೇ ನವೆಂಬರಿನಲ್ಲಿ ಆಡಳಿತ ಕಂಪನಿಯ ಕೈಯಿಂದ ರಾಣಿಯ ಸರ್ಕಾರಕ್ಕೆ ಹೋಯಿತು. ಸಂಸ್ಥಾನಿಕರನ್ನು ಎದುರು ಹಾಕಿಕೊಳ್ಳೋದಕ್ಕಿಂತ ಜೊತೆಗಿಟ್ಟುಕೊಳ್ಳೋದು ಸಾಮ್ರಾಜ್ಯದ ಭದ್ರತೆಗೆ ಒಳ್ಳೇದು ಅಂತ ಅವರಿಗೆ ಹೊಳೆಯಿತು. 1862ರಲ್ಲಿ ದೇಶದ ಎಷ್ಟೋ ದೊರೆಗಳಿಗೆ ದತ್ತು ತಗೊಳ್ಳುವ ಹಕ್ಕಿನ ಸನದು ಕೊಟ್ಟರು. ಬಾಬಾಸಾಹೇಬರು ಕೇಳಿದ್ದೂ ಅಷ್ಟೇ. ನಾಲ್ಕು ವರ್ಷ ಮುಂಚೆ ಅದನ್ನು ಕೊಟ್ಟಿದ್ದರೆ ಬಹುಶಃ ಮ್ಯಾನ್ಸನ್ನೂ ಬದುಕುತ್ತಿದ್ದ, ಇವರೂ ಬದುಕುತ್ತಿದ್ದರು, ಆ ಇಬ್ಬರು ಹೆಂಗಸರೂ ಹೊಳೆಯ ಪಾಲಾಗುತ್ತಿರಲಿಲ್ಲ. ಮಲತಮ್ಮನ ರಾಮದುರ್ಗ ಸಂಸ್ಥಾನವಾಗಿಯೇ ಉಳಿದು, 1948ರಲ್ಲಿ ಭಾರತದಲ್ಲಿ ವಿಲೀನವಾಯಿತು.

ಕಾನೂನು ಬದಲಾಗುತ್ತೆ, ಆದರೆ ಬದಲಾಗುವ ಮುಂಚೆ ಸಿಕ್ಕಿಕೊಂಡವರಿಗೆ ಅದರಿಂದ ಏನೂ ಬರೋದಿಲ್ಲ. ವೀಸಾ ಕಾಯುತ್ತಿರುವ ನಮ್ಮ ಸೀನಿಯರ್‌ಗೂ ಗಲ್ಲಿಗೇರಿದ ದೊರೆಗೂ ಹೋಲಿಕೆ ಮಾಡುವಷ್ಟು ಹುಚ್ಚು ನಮಗಿಲ್ಲ. ಆದರೆ ಭದ್ರತೆ ಅನ್ನೋ ಪದ ಪೇಪರಿನಲ್ಲಿ ಕಂಡಾಗ ಅದು ಯಾರ ಭದ್ರತೆ, ಅದಕ್ಕೆ ಬೆಲೆ ಕೊಡೋರು ಯಾರು ಅಂತ ಒಮ್ಮೆ ಕೇಳಿಕೊಳ್ಳೋದನ್ನು ಈ ಕಥೆ ನಮಗೆ ಕಲಿಸಿತು.

ಗದಗ ಸೀಮೆಯ ಗೆಳೆಯರು ರಜೆಗೆ ಊರಿಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ನರಗುಂದದ ಗುಡ್ಡ ಹತ್ತಿ ಬನ್ನಿ. ಮೇಲೆ ನಿಂತು ಸುತ್ತ ನೋಡಿದರೆ ಎರೆಭೂಮಿ ಒಂದೇ ಸಮ ಹರಡಿದೆ. ಅಲ್ಲಿಂದ ರೋಣ ಯಾರದು, ರಾಮದುರ್ಗ ಯಾರದು ಅಂತ ಹೇಳುವ ಗೆರೆ ಒಂದೂ ಕಾಣಿಸೋದಿಲ್ಲ.